ಆರಂಭ ಶಿಲ್ಕು ಬರೆಯದೆ ಲಾಭ ಎಣಿಸೋದು ಹೇಗೆ ಸ್ವಾಮಿ?

ಹದಿನೇಳು ರೂಪಾಯಿ ಸಾಮಾನು. ಹುಡುಗ ಐವತ್ತರ ನೋಟಿನ ಜೊತೆ ಎರಡರ ನಾಣ್ಯವನ್ನೂ ಇಟ್ಟ. ‘ಎಷ್ಟ್ಲಾ ಮಗ ವಾಪಸ್ ಕೊಡಬೇಕು?’ ಅಂದರೆ, ‘ನಲವತ್ತೈದು ಕಣಣ್ಣೋ’ ಅನ್ನಬೇಕೆ!

ಕವಲಂದೆಯ ಅಂಗಡಿ ಸಾಲಿನಲ್ಲಿ ಗಲ್ಲದ ಮುಂದೆ ಕೂತವರಿಗೆ ಇಂಥ ಉತ್ತರ ಹೊಸದೇನಲ್ಲ. ನಗಬೇಡಿ. ಹುಡುಗ ದಡ್ಡನೂ ಅಲ್ಲ, ಕಳ್ಳನೂ ಅಲ್ಲ. 52ರಲ್ಲಿ 17 ಕಳೆಯುವಾಗ ಎರಡರಲ್ಲಿ ಏಳು ಹೋಗುವುದಿಲ್ಲ ಎಂದು ಏಳರಲ್ಲೇ ಎರಡು ಕಳೆದು ಐದು ಬರೆದ. ಐದರಲ್ಲಿ ಒಂದು ಹೋಗಿ ನಾಲ್ಕು. ಒಟ್ಟು 45. ಅವನಿಗೆ ಬಾರದ್ದು ಒಂದೇ ಒಂದು: ಪಕ್ಕದ ಹತ್ತರ ಮನೆಯಿಂದ ‘ಸಾಲ’ ತರುವುದು. ಅದು ಬಂದರೆ ಉತ್ತರ 35. ಅದು ಬಾರದೆ ಐದನೇ ಕ್ಲಾಸು ದಾಟಿದರೆ ಮುಂದೆ ಭಾಗಾಕಾರ, ದಶಮಾಂಶ ಎಲ್ಲವೂ ಕಬ್ಬಿಣದ ಕಡಲೆ.

ಚಾರ್ಟು ಚೆಂದ, ಆದರೆ...

ಈ ಹುಡುಗನ ಕ್ಲಾಸಿಗೆ ಡಿ.ಎಲ್.ಎಡ್. ಓದುವ ತರಬೇತಿ ಮೇಡಂ ಒಬ್ಬರು ಬಂದರು ಎಂದಿಟ್ಟುಕೊಳ್ಳಿ. ನಂಜನಗೂಡಿನಲ್ಲಿ ಚಾಮರಾಜನಗರದ ಬಸ್ಸು ಹತ್ತಿ, ಸುತ್ತಿದ ಚಾರ್ಟನ್ನು ಕಂಕುಳಲ್ಲಿ ಅವುಚಿಕೊಂಡು ನಿಂತವರನ್ನು ನೀವೂ ನೋಡಿದ್ದೀರಿ. ಎರಡು ವರ್ಷದ ಈ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕೆಂದು 2014ರ ಎನ್.ಸಿ.ಟಿ.ಇ. ನಿಯಮ ಹೇಳಿತು.

ಪಾಠ ಯೋಜನೆ ಬರೆದದ್ದಾಯಿತು, ಕಪ್ಪುಹಲಗೆ ಅಕ್ಷರ ಮುತ್ತಿನಂತಿದೆ, ಮಕ್ಕಳು ಒಕ್ಕೊರಲಿನಿಂದ ‘ಅರ್ಥವಾಯ್ತು ಮಿಸ್’ ಅಂದರು. ಇವೆಲ್ಲ ಕಣ್ಣಿಗೆ ಕಾಣುವಂಥವು. ನೋಡಿ ಅಂಕ ಹಾಕುವುದೂ ಸಲೀಸು. ಆದರೆ ಆ ಹುಡುಗ 45ರಿಂದ 35ಕ್ಕೆ ಬಂದನೇ? ಅಸಲು ಪ್ರಶ್ನೆ ಅದು.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷದ ಮೊದಲು ಎಷ್ಟು ಸರಕಿತ್ತು, ಎಷ್ಟು ಶಿಲ್ಕಿತ್ತು ಎಂದು ಬರೆದಿಡದೆ ಕೊನೆಯಲ್ಲಿ ಲಾಭ ಬಂತೆಂದರೆ ಯಾರು ನಂಬುತ್ತಾರೆ? ಪಾಠಕ್ಕೂ ಅಷ್ಟೇ. ಮೊದಲ ವಾರವೇ ಮಗುವಿನ ಆರಂಭ ಶಿಲ್ಕು ಬರೆಯಬೇಕು. ಹೊರಡುವ ವಾರ ಮತ್ತೆ ಅಳೆಯಬೇಕು.

ಅಳತೆ ಹೊಸದಲ್ಲ

ಇದು ನಮ್ಮ ಜಿಲ್ಲೆಗೆ ಹೊಸ ಮಾತೇನಲ್ಲ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯಿತು. ಮಗು ಕಲಿಕೆಯ ಏಣಿಯಲ್ಲಿ ಯಾವ ಮೆಟ್ಟಿಲ ಮೇಲಿದೆಯೋ ಅಲ್ಲಿಂದಲೇ ಮುಂದಿನ ಪಾಠ. ಬೇಸಿಗೆ ರಜೆ ಮುಗಿದ ಮೇಲೆ ಶಾಲೆಗಳಲ್ಲಿ ನಡೆಯುವ ‘ಸೇತುಬಂಧ’ದಲ್ಲೂ ಮೊದಲು ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯವರು ಹಳ್ಳಿ ಮನೆಗೇ ಹೋಗಿ, ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ: ಒಂದಂಕಿ ಗುರುತು, ಎರಡಂಕಿ ಗುರುತು, ಸಾಲ ತರುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಹಾಳೆ, ಕೆಲವೇ ನಿಮಿಷ.

ತರಬೇತಿ ಮೇಡಂ ಇಷ್ಟು ಮಾಡಿದರೆ ಸಾಕು. ಆದರೆ ಎರಡನೇ ಸಲ ಅದೇ 52-17 ಕೇಳಬಾರದು, ಮಗು ಉತ್ತರ ಬಾಯಿಪಾಠ ಮಾಡಿರುತ್ತದೆ. 64-28 ಕೇಳಬೇಕು. 36 ಅಂದರೆ ಕಲಿತಂತೆ. 44 ಅಂದರೆ ಹಳೇ ರೋಗ ಹಾಗೇ ಇದೆ ಎಂದರ್ಥ. ತಪ್ಪು ಉತ್ತರವೂ ಎಷ್ಟು ಮಾತಾಡುತ್ತದೆ ನೋಡಿ!

ತಕ್ಕಡಿಯಲ್ಲೂ ಮೋಸವುಂಟು

ಈಗ ತುಸು ಹುಷಾರು. 20 ಅಂಕದ ಪರೀಕ್ಷೆಯಲ್ಲಿ ಒಂದು ಮಗು 4ರಿಂದ 10ಕ್ಕೆ ಏರಿತು, ಇನ್ನೊಂದು 16ರಿಂದ 19ಕ್ಕೆ. ಯಾರು ಹೆಚ್ಚು ಬೆಳೆದರು? ಅಂಕ ನೋಡಿದರೆ ಮೊದಲನೆಯದು: 6 ಅಂಕ. ಆದರೆ ಅದು ಏರಬೇಕಾಗಿದ್ದದ್ದು 16 ಅಂಕ, ಅದರಲ್ಲಿ ಏರಿದ್ದು ನೂರಕ್ಕೆ 37.5 ಪಾಲು. ಎರಡನೆಯದಕ್ಕೆ ಉಳಿದಿದ್ದೇ 4, ಅದರಲ್ಲಿ 3 ಏರಿತು, ನೂರಕ್ಕೆ 75. ಅಮೆರಿಕದ ರಿಚರ್ಡ್ ಹೇಕ್ ಎಂಬ ಭೌತಶಾಸ್ತ್ರದ ಮೇಷ್ಟ್ರು 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಕಲಿಕೆಯನ್ನು ತೂಗಿದ್ದು ಈ ಎರಡನೇ ತಕ್ಕಡಿಯಲ್ಲೇ. ಒಂದೇ ತಕ್ಕಡಿ ನಂಬಿದರೆ ಯಾವುದಾದರೂ ಒಂದು ಮಗುವಿಗೆ ಅನ್ಯಾಯ. ಎರಡನ್ನೂ ಬರೆಯಿರಿ.

ಕ್ಲಾಸಿನ ಸರಾಸರಿಯೂ ಅಷ್ಟೆ, ಹಿಂದಿನ ಬೆಂಚನ್ನು ಮುಚ್ಚಿಹಾಕುತ್ತದೆ. ಮುಂದಿನ ಹತ್ತು ಮಕ್ಕಳು ಏರಿದರೆ ಸರಾಸರಿ ಏರುತ್ತದೆ, ಹಿಂದಿನ ಮೂವರು ಇದ್ದಲ್ಲೇ ಇರುತ್ತಾರೆ. ಕೊನೇ ಪರೀಕ್ಷೆಯ ದಿನ ಅವರೇ ಗೈರುಹಾಜರಾದರಂತೂ ಸರಾಸರಿ ಇನ್ನೂ ಚೆಂದ!

ಏರಿದ್ದೆಲ್ಲ ಮೇಡಂ ಒಬ್ಬರದೇ ದುಡಿಮೆ ಎಂದೂ ಅಲ್ಲ. ಶಾಲೆಯ ಮೇಷ್ಟ್ರು ಇದ್ದಾರೆ, ಮನೆಯಲ್ಲಿ ಹೇಳಿಕೊಡುವ ಅಕ್ಕ ಇದ್ದಾಳೆ. ಮಕ್ಕಳ ಅಂಕವನ್ನೇ ಮೇಡಂ ತಲೆಗೆ ಕಟ್ಟಿ ಪಾಸು ಫೇಲು ಮಾಡಿದರೆ, ಪರೀಕ್ಷೆ ದಿನ ಕಿವಿಯಲ್ಲಿ ಉತ್ತರ ಪಿಸುಗುಟ್ಟುವ ಆಸೆ ಹುಟ್ಟೀತು. ಈ ಅಳತೆ ಶಿಕ್ಷೆಗಲ್ಲ. ನಾಳೆ ಯಾರಿಗೆ ಏನು ಹೇಳಿಕೊಡಬೇಕು ಎಂಬುದಕ್ಕೆ.

ಹಾಳೆ ಎಲ್ಲಿ ಹೋಗುತ್ತೆ?

ಕೊನೆಯದಾಗಿ ಒಂದು ಅರಿಕೆ. ತರಬೇತಿ ಮುಗಿದ ದಿನ ಮಕ್ಕಳು ಹೂ ಕೊಡುತ್ತಾರೆ, ಒಂದಿಬ್ಬರು ಅಳುತ್ತಾರೆ, ಮೇಡಂ ಬಸ್ಸು ಹತ್ತುತ್ತಾರೆ. ಅವರು ಬರೆದ ಲೆಕ್ಕವೂ ಅವರ ಜೊತೆಯೇ ಬಸ್ಸು ಹತ್ತಬಾರದು. ‘ಈ ಮಗುವಿಗೆ ಸಾಲ ತರುವುದು ಬಂತು, ಆ ಮಗುವಿಗೆ ಇನ್ನೂ ಬಂದಿಲ್ಲ, ಕಡ್ಡಿ ಕಟ್ಟು ಕೊಟ್ಟರೆ ಮಾಡುತ್ತದೆ’ ಎಂಬ ಒಂದು ಹಾಳೆ ಹೆಡ್ ಮೇಷ್ಟ್ರ ಮೇಜಿನ ಮೇಲೆ ಉಳಿಯಲಿ. ಅಂಗಡಿ ಕೈ ಬದಲಾದರೂ ಖಾತೆ ಪುಸ್ತಕ ಅಲ್ಲೇ ಇರುತ್ತದಲ್ಲವೇ?

ಅಂಗಡಿಯವರೇ, ನೀವೂ ಒಂದು ಉಪಕಾರ ಮಾಡಿ. ಹುಡುಗ ಚಿಲ್ಲರೆ ತಪ್ಪು ಹೇಳಿದರೆ ಗದರಬೇಡಿ. ಹತ್ತರ ನೋಟೊಂದನ್ನು ಒಂದೊಂದು ರೂಪಾಯಿಯ ಹತ್ತು ನಾಣ್ಯ ಮಾಡಿ ಅವನ ಮುಂದೆ ಹರವಿ. ‘ಈಗ ಎಣಿಸ್ಲಾ ಮಗ’ ಅನ್ನಿ. ಅಲ್ಲೇ ‘ಸಾಲ’ ಅಂದರೇನು ಅಂತ ಅವನಿಗೆ ತಿಳಿದೀತು.