ಬಿಸಿನೀರಿನೂರಿನ ದಾರುಪುತ್ರಿಕೆ

ಪರದೇಶಪ್ರವಾಸದಿಂದ ಹಿಂದಿರುಗುವವರು ಬಂಧುಮಿತ್ರರಿಗೆಂದು ಕೊಂಡು ತರುವ ಸ್ಮರಣಿಕೆಗಳ ವಿಷಯದಲ್ಲಿ ಕಲಾಭಿಜ್ಞರಿಗೆ ಒಂದು ಬಗೆಯ ತಾತ್ಸಾರವುಂಟು. ಯಾತ್ರಿಕನಿಗೆ ಮಾರುವುದಕ್ಕೆಂದೇ ಹುಟ್ಟಿದ ವಸ್ತುವಿನಲ್ಲಿ ನಾಡಿನ ಜೀವಾಳವಿರಲಾರದೆಂಬುದು ಅವರ ಅಭಿಮತ. ಈ ಅಭಿಮತಕ್ಕೆ ಜಪಾನಿನ ಈಶಾನ್ಯದ ತೊಹೊಕು ಪ್ರಾಂತದಲ್ಲಿ ಸೊಗಸಾದ ಪ್ರತ್ಯುತ್ತರವೊಂದು ದೊರೆಯುತ್ತದೆ. ಕೈಕಾಲುಗಳಿಲ್ಲದ, ದುಂಡುತಲೆಯ, ನೀಳಮೈಯ ಆ ಮರದ ಗೊಂಬೆಯ ಹೆಸರು ಕೊಕೆಶಿ.

ಎದೊ ಆಳ್ವಿಕೆಯ ಕೊನೆಗಾಲದಲ್ಲಿ, ಎಂದರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಹೊಲದ ದುಡಿಮೆಯಿಂದ ಬಳಲಿದ ರೈತರು ಅಲ್ಲಿಯ ಗುಡ್ಡಗಾಡಿನ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಮೈನೋವು ಕಳೆಯಲೆಂದು ಬಂದು ಬಿಡಾರ ಹೂಡುತ್ತಿದ್ದರು. ಅವರು ಊರಿಗೆ ಮರಳುವಾಗ ಮಕ್ಕಳಿಗೆ ಏನನ್ನಾದರೂ ಒಯ್ಯಬೇಕಲ್ಲವೇ? ಲೇತಿನಲ್ಲಿ ಬಟ್ಟಲು ತಟ್ಟೆಗಳನ್ನು ಕಡೆದು ಬಾಳುತ್ತಿದ್ದ ಕಿಜಿಶಿಗಳೆಂಬ ಕಸಬುದಾರರು ಆ ಅಗತ್ಯವನ್ನು ಅರಿತು ಈ ಆಟಿಕೆಯನ್ನು ಕಡೆದರು. ಅಂದಮೇಲೆ ಸ್ಮರಣಿಕೆಯೆಂಬುದು ಕೊಕೆಶಿಗೆ ತರುವಾಯ ಬಂದೊದಗಿದ ದುರ್ಗತಿಯಲ್ಲ, ಅದರ ಜನ್ಮಕಾರಣವೇ ಅದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತಗಡಿನ ಮತ್ತು ಸೆಲ್ಯುಲಾಯ್ಡಿನ ಆಟಿಕೆಗಳು ಬಂದು ಮಕ್ಕಳ ಮನಸ್ಸನ್ನು ಸೆಳೆದುಕೊಂಡಾಗ ಈ ಗೊಂಬೆಯನ್ನು ಕೈಹಿಡಿದವರು ದೊಡ್ಡವರು. ಸೆಂದಾಯಿ ನಗರದ ಅಮಾಎ ತೊಮಿಜಿ ಎಂಬ ರಸಿಕರು 1928ರಲ್ಲಿ ಇದನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು.

ಕೊಕೆಶಿಯನ್ನು ಕೊಳ್ಳಬೇಕೆನ್ನುವವರು ಮಿಯಾಗಿ ಪ್ರಾಂತದ ನರುಕೊಗೆ ಹೋಗಬೇಕು. ತೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಫುರುಕಾವಾವರೆಗೆ ಬಂದು, ಅಲ್ಲಿಂದ ಬೆಟ್ಟದ ತಪ್ಪಲಿನತ್ತ ಸಾಗುವ ನಿಧಾನದ ಗಾಡಿಯನ್ನು ಹಿಡಿದರೆ ಗಂಧಕದ ವಾಸನೆಯ ಆ ಪುಟ್ಟ ಊರು ಎದುರಾಗುತ್ತದೆ. ಅಲ್ಲಿಯ ಅಂಗಡಿಗಳಲ್ಲಿ ಎಷ್ಟೋ ಕಡೆ ಮಾರುವವನೇ ಮಾಡುವವನು. ತೊಗಟೆ ಸುಲಿದು ತಿಂಗಳುಗಟ್ಟಲೆ ಗಾಳಿಗೊಡ್ಡಿ ಒಣಗಿಸಿದ ಮಿಜುಕಿ ಎಂಬ ಬಿಳಿಮರವನ್ನು ಕಡೆದು ಮೈಯನ್ನೂ ತಲೆಯನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ತಿರುಗುತ್ತಿರುವಂತೆಯೇ ಕತ್ತನ್ನು ಭುಜದ ರಂಧ್ರಕ್ಕೆ ಒತ್ತಿಹಿಡಿದರೆ, ಘರ್ಷಣೆಯ ಕಾವಿಗೆ ಮರವು ಮಣಿದು ಒಳಸೇರುತ್ತದೆ. ತಣಿದ ಮೇಲೆ ತಲೆ ಕಳಚದು, ತಿರುಗಿಸಿದರೆ ಮಾತ್ರ ಎಳೆಗೂಸಿನಂತೆ ಕಿರ್ರೆನ್ನುತ್ತದೆ. ಈ ದನಿಯೇ ನರುಕೊ ಗೊಂಬೆಯ ಗುರುತು. ಮೈಮೇಲೆ ಸೇವಂತಿಗೆ, ಮುಖದಲ್ಲಿ ಕುಂಚದ ನಾಲ್ಕೈದು ಗೆರೆ. ಅಷ್ಟರಲ್ಲಿಯೇ ಒಂದು ಸ್ವಭಾವ ಮೂಡಿಬಿಡುವುದು ಅಚ್ಚರಿ. ಬಿಸಿನೀರಿನ ಇನ್ನೊಂದು ಊರಾದ ತೊಗತ್ತಾದಲ್ಲಿ ದೊಡ್ಡ ತಲೆ, ನೆತ್ತಿಯಿಂದ ಚೆದರುವ ಕೆಂಪುಗೆರೆಗಳು. ಮತ್ತೊಂದಾದ ತ್ಸುಚಿಯುವಿನಲ್ಲಿ ಚಿಕ್ಕ ತಲೆ, ಮೈಮೇಲೆ ಬಣ್ಣದ ಪಟ್ಟೆಗಳಷ್ಟೆ. ನನಗೆ ಈ ಕೊನೆಯವೇ ಹೆಚ್ಚು ಪ್ರಿಯ. ಅಲಂಕಾರ ಕಡಿಮೆಯಾದಷ್ಟೂ ಮರದ ಬಿಳುಪು ಚೆನ್ನಾಗಿ ತೋರುತ್ತದೆ.

ವಿಮಾನನಿಲ್ದಾಣದ ಮಳಿಗೆಯಲ್ಲಿಯೂ ದುಂಡುತಲೆಯ ಗೊಂಬೆಗಳು ಸಿಕ್ಕಾವು. ಆದರೆ ತಳವನ್ನು ತಿರುಗಿಸಿ ನೋಡುವುದು ಲೇಸು. ಸಂಪ್ರದಾಯದ ಕೊಕೆಶಿಯ ಅಡಿಯಲ್ಲಿ ಮಾಡಿದವನ ಹೆಸರು ಬರೆದಿರುತ್ತದೆ. ಬೆಲೆಯಲ್ಲಿ ಚೌಕಾಸಿ ಆ ನಾಡಿನ ವಾಡಿಕೆಯಲ್ಲ. ಒಂದು ಮಧ್ಯಾಹ್ನವೆಲ್ಲ ಒಬ್ಬನ ಕೈಚಳಕವನ್ನು ಕಂಡಮೇಲೆ ಚೌಕಾಸಿಗೆ ನಾಲಗೆಯೂ ಏಳದು. ತಂದಮೇಲೆ ಬಿಸಿಲಿಗಿಡಬಾರದು, ಒದ್ದೆಬಟ್ಟೆಯಿಂದ ಒರೆಸಬಾರದು. ನೀರಿನಲ್ಲಿ ಕರಗುವ ಆ ಬಣ್ಣಗಳು ಎರಡನ್ನೂ ತಾಳವು.

ಕನ್ನಡಿಗನಿಗೆ ಆ ಲೇತಿನ ಸದ್ದು ಅಪರಿಚಿತವಲ್ಲ. ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಘರ್ಷಣೆಯ ಅದೇ ಕಾವಿನಿಂದ ಬಣ್ಣವೇರಿಸಿ, ತಾಳೆಗರಿಯಿಂದ ಹೊಳಪು ಕೊಡುವ ಚನ್ನಪಟ್ಟಣದ ಕಸಬಿಗೂ ಜಪಾನಿಗೂ ಹಳೆಯ ನಂಟುಂಟು. ಬಾವಾಸ್ ಮಿಯಾ ಎಂಬವರು ಜಪಾನೀಯರ ವಿಧಾನಗಳನ್ನು ಅರಿತು ತಮ್ಮೂರಿನ ಗೊಂಬೆಗಾರಿಕೆಯನ್ನು ತಿದ್ದಿದರೆಂದು ಚನ್ನಪಟ್ಟಣದವರು ಇಂದಿಗೂ ನೆನೆಯುತ್ತಾರೆ. ಆದಕಾರಣ ನರುಕೊಗೆ ಹೊರಡುವ ಕನ್ನಡಿಗರು ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ಗೊಂಬೆಯೊಂದನ್ನು ಇರಿಸಿಕೊಳ್ಳಲಿ; ಲೇತಿನ ಮುಂದೆ ಕುಳಿತ ಆ ಕುಶಲಿಗೆ ಅದನ್ನು ಕೊಟ್ಟು ಬರಲಿ.