ಪ್ರೌಢಶಾಲೆಗೆ ಬರುವ ಮಕ್ಕಳ ಬುದ್ಧಿಮಾಪನ

ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ಬರುವ ಮಗುವಿನ ಕೈಯಲ್ಲಿ ಅಂಕಪಟ್ಟಿಯಿರುತ್ತದೆ. ಅದು ಮಗು ಕಲಿತುದನ್ನು ತಿಳಿಸುತ್ತದೆಯೇ ಹೊರತು ಮುಂದೆ ಕಲಿಯಬಲ್ಲುದನ್ನು ತಿಳಿಸುವುದಿಲ್ಲ. ಈ ಕೊರತೆಯನ್ನು ನೀಗಿಸಲು ಅನೇಕ ಕಡೆ ಬುದ್ಧಿಮಾಪನ ಪರೀಕ್ಷೆಗಳನ್ನು ಬಳಸುತ್ತಾರೆ. ಗಡಿನಾಡಿನ ಅಧ್ಯಾಪಕರಾದ ನಾವು ಅವುಗಳ ಪ್ರಯೋಜನವನ್ನೂ ಮಿತಿಯನ್ನೂ ಅರಿತಿರುವುದು ಅವಶ್ಯ.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆಯವರು ಸಿಮೋನರೊಡಗೂಡಿ ಇಂಥ ಮಾಪನವೊಂದನ್ನು ರಚಿಸಿದರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ, ಅವರಿಗೆ ತಕ್ಕ ಶಿಕ್ಷಣವನ್ನು ಕೊಡುವುದೇ ಅದರ ಉದ್ದೇಶವಾಗಿತ್ತು.

ಇಂಗ್ಲೆಂಡಿನ ಅನೇಕ ಪ್ರೌಢಶಾಲೆಗಳಲ್ಲಿ ಇಂದು 11 ವರ್ಷದ ಹೊಸ ವಿದ್ಯಾರ್ಥಿಗಳಿಗೆ 'ಕ್ಯಾಟ್' ಎಂಬ ಪರೀಕ್ಷೆಯನ್ನು ಕೊಡುತ್ತಾರೆ. ಶಬ್ದ, ಸಂಖ್ಯೆ, ಆಕೃತಿ ಇವುಗಳ ಸಂಬಂಧವನ್ನು ಗ್ರಹಿಸುವುದು ಮತ್ತು ವಸ್ತುವಿನ ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಹೀಗೆ ಅದರಲ್ಲಿ ನಾಲ್ಕು ವಿಭಾಗಗಳಿವೆ. ಇಲ್ಲಿ 100 ಎಂದರೆ ನೂರಕ್ಕೆ ನೂರಲ್ಲ, ಅದು ಸಮವಯಸ್ಕರ ಸರಾಸರಿ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ.

ಇದನ್ನು ನಮ್ಮ ಪರಿಸರಕ್ಕೆ ಅನ್ವಯಿಸಿ ನೋಡೋಣ. ಜತ್ತದ ಕಡೆಯ ಬಾಲಕಿಯೊಬ್ಬಳು ಕನ್ನಡ ಶಾಲೆಯಲ್ಲಿ ಓದಿ, ಮರಾಠಿ ಮಾಧ್ಯಮದ ಪ್ರೌಢಶಾಲೆಗೆ ಸೇರಿದಳೆನ್ನೋಣ. ಮರಾಠಿಯಲ್ಲಿ ಕೊಟ್ಟ ಇಂಥ ಪರೀಕ್ಷೆಯಲ್ಲಿ ಅವಳಿಗೆ ಶಬ್ದವಿಭಾಗದಲ್ಲಿ 82, ಆಕೃತಿವಿಭಾಗದಲ್ಲಿ 108 ಬಂದರೆ ನಾವೇನು ತಿಳಿಯಬೇಕು? ಎರಡನ್ನೂ ಕೂಡಿಸಿ ಭಾಗಿಸಿದರೆ ಆಕೆ ಸಾಧಾರಣ ಬುದ್ಧಿಯವಳೆಂದು ತೋರಬಹುದು. ಬಿಡಿಯಾಗಿ ನೋಡಿದರೆ ಕೊರತೆಯಿರುವುದು ಬುದ್ಧಿಯಲ್ಲಲ್ಲ, ಪ್ರಶ್ನೆಯ ಭಾಷೆಯ ಪರಿಚಯದಲ್ಲಿ ಎಂಬ ಶಂಕೆ ಏಳುತ್ತದೆ. ಅವಳನ್ನು ಹಿಂದಿನ ಬೆಂಚಿಗೆ ಕಳಿಸುವ ಮೊದಲು ಕನ್ನಡದಲ್ಲಿ ಪ್ರಶ್ನಿಸಿ ನೋಡುವುದು ನ್ಯಾಯ.

ಆದರೆ ಪ್ರಶ್ನೆಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಒಂದು ಭಾಷೆಯಲ್ಲಿ ಸುಲಭವಾದ ಶಬ್ದ ಇನ್ನೊಂದರಲ್ಲಿ ಕಠಿಣವಾಗಬಹುದು. ಯಾವ ಪ್ರಶ್ನೆಗೆ ಯಾವ ವಯಸ್ಸಿನ ಹೆಚ್ಚಿನ ಮಕ್ಕಳು ಉತ್ತರಿಸಬಲ್ಲರೆಂಬುದನ್ನು ಆ ಭಾಷೆಯ ಮಕ್ಕಳಲ್ಲೇ ಪರೀಕ್ಷಿಸಿ ಗೊತ್ತುಮಾಡಬೇಕು. ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದುದು ಈ ದಾರಿಯಲ್ಲಿ ನಡೆದ ಹಿರಿಯ ಪ್ರಯತ್ನ. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಪ್ರಕಟವಾಯಿತು. ಅಂದಿನ ಮಾನಗಳು ಇಂದಿನ ಮಕ್ಕಳಿಗೆ ಸಲ್ಲವು. ಆದರೆ ಆ ಕ್ರಮ ಇಂದಿಗೂ ಅನುಕರಣೀಯ.

ಆಕೃತಿಗಳ ಪರೀಕ್ಷೆಯೂ ಪೂರ್ಣ ನಿಷ್ಪಕ್ಷಪಾತಿಯಲ್ಲ. ಅಂಥ ಪ್ರಶ್ನೆಪತ್ರಿಕೆಯನ್ನೇ ಕಾಣದ ಮಗು ಅಲ್ಲಿಯೂ ತಡವರಿಸೀತು. ಆದುದರಿಂದ ಮೊದಲು ಕೆಲವು ಮಾದರಿ ಪ್ರಶ್ನೆಗಳನ್ನು ಬಿಡಿಸಿ ತೋರಿಸೋಣ. ಬಂದ ಅಂಕಗಳನ್ನು ತರಗತಿಯಲ್ಲಿ ಓದಿ ಹೇಳದಿರೋಣ. ಅಂಕದ ಪಕ್ಕದಲ್ಲಿ ಮಗುವಿನ ಮನೆಮಾತನ್ನೂ ಪರೀಕ್ಷೆಯ ಭಾಷೆಯನ್ನೂ ಬರೆದಿಟ್ಟು, ಕೆಲವು ತಿಂಗಳ ಪಾಠದ ಬಳಿಕ ಮತ್ತೊಮ್ಮೆ ವಿಚಾರಿಸೋಣ.