ಟ್ಯಾಕಿಕಾರ್ಡಿಯಾದ ವಿಧಗಳು

ಟ್ಯಾಕಿಕಾರ್ಡಿಯಾ (ಹೃದಯದ ತೀವ್ರಗತಿ) ಎಂಬುದು ವಯಸ್ಕರ ಹೃದಯವು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಾರಿ ಬಡಿಯುವ ಸ್ಥಿತಿ. ಎದೆ ಡವಗುಟ್ಟುವುದು, ತಲೆಸುತ್ತು, ಏದುಸಿರು ಇವು ಎಲ್ಲ ವಿಧಗಳಲ್ಲಿಯೂ ಕಾಣಿಸಿಕೊಳ್ಳಬಹುದಾದ್ದರಿಂದ ಲಕ್ಷಣಗಳಿಂದಷ್ಟೇ ವಿಧವನ್ನು ನಿರ್ಧರಿಸಲಾಗದು, ಇಸಿಜಿ ಅಗತ್ಯ. ಒಂದು ವಿಧಕ್ಕೆ ಹಿತವಾದ ಔಷಧವು ಮತ್ತೊಂದರಲ್ಲಿ ಪ್ರಾಣಾಪಾಯ ತರಬಹುದಾದ ಕಾರಣ ಈ ವಿಂಗಡಣೆ ಮಹತ್ವದ್ದಾಗಿದೆ.

ವಿಂಗಡಣೆಯ ಆಧಾರ

ಹೃತ್ಕುಕ್ಷಿಗಳು ಪ್ರಚೋದನೆಗೊಂಡಾಗ ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಲೆ ಮೂಡುತ್ತದೆ. ವಿದ್ಯುತ್ ಸಂಕೇತವು ಮೇಲಿನಿಂದ ಸಹಜ ಮಾರ್ಗದಲ್ಲಿ ಇಳಿದುಬಂದರೆ ಈ ಅಲೆ ಕಿರಿದಾಗಿರುತ್ತದೆ. ಸಂಕೇತವು ಹೃತ್ಕುಕ್ಷಿಯಲ್ಲಿಯೇ ಹುಟ್ಟಿದರೆ ಸ್ನಾಯುವಿನ ಮೂಲಕ ನಿಧಾನವಾಗಿ ಹರಡುವುದರಿಂದ ಅಲೆ ಅಗಲವಾಗುತ್ತದೆ. ಇವೆರಡರ ನಡುವಣ ಗಡಿ 120 ಮಿಲಿಸೆಕೆಂಡು, ಅಂದರೆ ಸಾಮಾನ್ಯ ವೇಗದಲ್ಲಿ ತೆಗೆದ ಇಸಿಜಿ ಕಾಗದದ ಮೂರು ಸಣ್ಣ ಚೌಕಗಳು. ಬಡಿತಗಳ ನಡುವಣ ಅಂತರ ಸಮವಾಗಿದೆಯೇ ಎಂಬುದು ಗಮನಿಸಬೇಕಾದ ಎರಡನೆಯ ಅಂಶ.

ಕಿರಿದಾದ ಅಲೆಯ ವಿಧಗಳು

• ಸೈನಸ್ ಟ್ಯಾಕಿಕಾರ್ಡಿಯಾ: ಜ್ವರ, ರಕ್ತಹೀನತೆ, ಭಯ ಮುಂತಾದವುಗಳಿಗೆ ಹೃದಯದ ಪ್ರತಿಕ್ರಿಯೆ. ವೇಗವು ಕ್ರಮೇಣ ಏರಿ ಕ್ರಮೇಣ ಇಳಿಯುತ್ತದೆ. ಪ್ರತಿ ಕ್ಯೂಆರ್‌ಎಸ್‌ಗೆ ಮೊದಲು ಸಹಜವಾದ ಪಿ ಅಲೆ ಇರುತ್ತದೆ. ಚಿಕಿತ್ಸೆ ಬೇಕಾಗುವುದು ಮೂಲ ಕಾರಣಕ್ಕೆ.
• ಎಸ್‌ವಿಟಿ: ಥಟ್ಟನೆ ಆರಂಭವಾಗಿ ಥಟ್ಟನೆ ನಿಲ್ಲುತ್ತದೆ. ಲಯ ಸಮವಾಗಿದ್ದು, ವೇಗವು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 250. ಪಿ ಅಲೆ ಕ್ಯೂಆರ್‌ಎಸ್‌ನಲ್ಲಿ ಅಡಗಿರಬಹುದು.
• ಹೃತ್ಕರ್ಣದ ಫ್ಲಟರ್: ಹೃತ್ಕರ್ಣವು ನಿಮಿಷಕ್ಕೆ ಸುಮಾರು 300 ಬಾರಿ ಬಡಿಯುತ್ತದೆ; ಅವುಗಳಲ್ಲಿ ಹಲವು ವೇಳೆ ಅರ್ಧದಷ್ಟು ಮಾತ್ರ ಕೆಳಗಿಳಿಯುವುದರಿಂದ ನಾಡಿ ಸುಮಾರು 150 ಇರುತ್ತದೆ. ಇಸಿಜಿಯಲ್ಲಿ ಗರಗಸದ ಹಲ್ಲಿನಂತಹ ಅಲೆಗಳು ಕಾಣುತ್ತವೆ.
• ಹೃತ್ಕರ್ಣದ ಫಿಬ್ರಿಲೇಷನ್: ಪಿ ಅಲೆಗಳಿಲ್ಲ, ಬಡಿತಗಳ ಅಂತರಕ್ಕೆ ಯಾವ ಕ್ರಮವೂ ಇಲ್ಲ. ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾಗುವ ಅಪಾಯವಿದೆ.

ಅಗಲವಾದ ಅಲೆಯ ವಿಧಗಳು

ಇವುಗಳಲ್ಲಿ ಮುಖ್ಯವಾದುದು ಹೃತ್ಕುಕ್ಷಿಯ ಟ್ಯಾಕಿಕಾರ್ಡಿಯಾ (ವಿಟಿ). ವಿದ್ಯುತ್ ಮಾರ್ಗದ ಕವಲೊಂದರಲ್ಲಿ ತಡೆಯುಳ್ಳವರಿಗೆ ಎಸ್‌ವಿಟಿ ಬಂದರೂ ಅಲೆ ಅಗಲವಾಗಿ ಕಾಣುವುದರಿಂದ ಗೊಂದಲ ಉಂಟಾಗುತ್ತದೆ. ಹಿಂದೆ ಹೃದಯಾಘಾತವಾಗಿದ್ದರೆ ವಿಟಿಯ ಸಾಧ್ಯತೆ ಹೆಚ್ಚು. ಪಿ ಅಲೆಗಳು ಕ್ಯೂಆರ್‌ಎಸ್‌ನೊಂದಿಗೆ ಸಂಬಂಧವಿಲ್ಲದೆ ಸಾಗುತ್ತಿದ್ದರೆ ಅದು ವಿಟಿಗೆ ಪ್ರಬಲ ಸಾಕ್ಷ್ಯ. ರೋಗಿಯು ಮಾತನಾಡುತ್ತಿದ್ದಾನೆ, ರಕ್ತದೊತ್ತಡ ಸಹಜವಾಗಿದೆ ಎಂಬ ಮಾತ್ರಕ್ಕೆ ವಿಟಿಯನ್ನು ಅಲ್ಲಗಳೆಯಲಾಗದು. ಎಸ್‌ವಿಟಿಗೆ ಬಳಸುವ ವೆರಪಾಮಿಲ್ ಔಷಧವನ್ನು ವಿಟಿಯಲ್ಲಿ ನೀಡಿದರೆ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಅಗಲವಾದ ಅಲೆಯ ತೀವ್ರಗತಿಯನ್ನು, ಬೇರೆಯೆಂದು ಖಚಿತವಾಗುವವರೆಗೆ, ವಿಟಿ ಎಂದೇ ಪರಿಗಣಿಸಲಾಗುತ್ತದೆ.

ಚಿಕಿತ್ಸೆಯಿಂದ ದೊರೆಯುವ ಸುಳಿವು

ಕಿರಿದಾದ ಅಲೆಯ, ಸಮಲಯದ ತೀವ್ರಗತಿಯಲ್ಲಿ ಉಸಿರು ಬಿಗಿಹಿಡಿದು ಮುಕ್ಕಿಸುವ ಕ್ರಮವನ್ನು ಅಥವಾ ಅಡೆನೋಸಿನ್ ಚುಚ್ಚುಮದ್ದನ್ನು ವೈದ್ಯರು ಬಳಸುತ್ತಾರೆ. ಇವು ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಣ ಸಂಕೇತವನ್ನು ಕ್ಷಣಕಾಲ ತಡೆಯುತ್ತವೆ. ಆಗ ಎಸ್‌ವಿಟಿ ಹಲವು ವೇಳೆ ನಿಂತುಹೋಗುತ್ತದೆ. ಫ್ಲಟರ್ ನಿಲ್ಲದಿದ್ದರೂ ಅದರ ಗರಗಸದ ಅಲೆಗಳು ಸ್ಪಷ್ಟವಾಗುತ್ತವೆ. ತೀವ್ರಗತಿಯಿಂದ ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಅಥವಾ ರಕ್ತದೊತ್ತಡ ಕುಸಿದರೆ ವಿಧದ ನಿರ್ಣಯಕ್ಕಾಗಿ ಕಾಯದೆ ವಿದ್ಯುದಾಘಾತದ ಮೂಲಕ ಲಯವನ್ನು ಸರಿಪಡಿಸಲಾಗುತ್ತದೆ.